ಹಳೆಯ ಪರ್ಫಾರ್ಮೆನ್ಸ್ ಸೆಡಾನ್ ಕೊಳ್ಳುವಾಗ: ಪೆಟ್ರೋಲೋ, ಡೀಸೆಲೋ?

ಎಂಟು-ಹತ್ತು ವರ್ಷ ಓಡಿದ ಸ್ಕೋಡಾ ಆಕ್ಟೇವಿಯಾ ಅಥವಾ ಬಿಎಂಡಬ್ಲ್ಯು 3 ಸೀರೀಸ್ ಇಂದು ಹೊಸ ಮಧ್ಯಮ ಗಾತ್ರದ ಎಸ್‌ಯುವಿಗಿಂತ ಕಡಿಮೆ ಬೆಲೆಗೆ ಸಿಗುತ್ತಿರುವುದರಿಂದ, ಓಡಿಸುವ ಖುಷಿಗಾಗಿಯೇ ಕಾರು ಕೊಳ್ಳುವವರ ಕಣ್ಣು ಇಂಥ ಸೆಡಾನ್‌ಗಳ ಮೇಲೆ ಬೀಳುವುದು ಸಹಜವಾಗಿದೆ. ಹುಡುಕಾಟಕ್ಕೆ ಇಳಿದ ಮೊದಲ ದಿನವೇ ಎದುರಾಗುವ ಪ್ರಶ್ನೆ ಪೆಟ್ರೋಲ್ ತೆಗೆದುಕೊಳ್ಳಬೇಕೋ ಡೀಸೆಲ್ ತೆಗೆದುಕೊಳ್ಳಬೇಕೋ ಎಂಬುದು. ಹೊಸ ಕಾರಿನ ವಿಷಯದಲ್ಲಿ ಇದು ಬಹುಮಟ್ಟಿಗೆ ಲೆಕ್ಕಾಚಾರದಲ್ಲೇ ಮುಗಿಯುತ್ತದೆ: ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಾಟ, ಲೀಟರಿಗೆ ಎಷ್ಟು ಮೈಲೇಜ್, ಎರಡು ಮಾದರಿಗಳ ಬೆಲೆಯಲ್ಲಿ ಎಷ್ಟು ವ್ಯತ್ಯಾಸ. ಹಳೆಯ ಕಾರಿನಲ್ಲಿ ಈ ಲೆಕ್ಕದ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಹಿಂದಿನ ಮಾಲೀಕರು ಆ ಎಂಜಿನ್ನನ್ನು ಯಾವ ಬಗೆಯ ಓಡಾಟಕ್ಕೆ ಬಳಸಿದ್ದರು ಎಂಬುದೇ ಆ ಸಂಗತಿ. ಅವರ ಓಡಾಟಕ್ಕೆ ಒಗ್ಗದ ಎಂಜಿನ್ ಇದ್ದಿದ್ದರೆ, ಅದರ ಖರ್ಚು ಕಾರಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ.

ಆದ್ದರಿಂದ ನಾನು ಕೇಳಲು ಹೇಳುವ ಮೊದಲ ಪ್ರಶ್ನೆ ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂಬುದಲ್ಲ, ಒಂದು ಸಲ ಕೀಲಿ ತಿರುಗಿಸಿದರೆ ಎಂಜಿನ್ ಎಷ್ಟು ದೂರ, ಎಷ್ಟು ಹೊತ್ತು ಓಡುತ್ತದೆ ಎಂಬುದು. ಜಯನಗರದಿಂದ ಕೋರಮಂಗಲಕ್ಕೆ ದಿನಕ್ಕೆರಡು ಸಲ ಹೋಗಿ ಬಂದು ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ದಾಟಿಸುವವರೂ ಇದ್ದಾರೆ, ಹಾಸನದಿಂದ ತಿಂಗಳಿಗೆ ಎರಡು-ಮೂರು ಸಲ ಬೆಂಗಳೂರಿಗೆ ಬಂದು ಹೋಗಿ ಅಷ್ಟೇ ದಾಟಿಸುವವರೂ ಇದ್ದಾರೆ. ಮೀಟರ್ ಎರಡೂ ಕಾರುಗಳಲ್ಲಿ ಒಂದೇ ಅಂಕಿ ತೋರಿಸಿದರೂ ಎಂಜಿನ್ನಿನ ಒಳಗೆ ನಡೆದಿರುವುದು ಒಂದೇ ಅಲ್ಲ.

ಮಾರುಕಟ್ಟೆಯಲ್ಲಿ ಡೀಸೆಲ್ ಕಾರುಗಳೇ ಹೆಚ್ಚಿರುವುದಕ್ಕೆ ಕಾರಣ

ಸೆಕೆಂಡ್ ಹ್ಯಾಂಡ್ ಡೀಲರುಗಳ ಬಳಿ 2012ರಿಂದ 2018ರ ನಡುವಿನ ಐಷಾರಾಮಿ ಸೆಡಾನ್ ಕೇಳಿದರೆ ಹೆಚ್ಚಾಗಿ ಡೀಸೆಲ್ ಕಾರನ್ನೇ ತೋರಿಸುತ್ತಾರೆ. ಇದು ಆ ಕಾಲದ ಇಂಧನ ಬೆಲೆಯ ಫಲ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತಾದರೂ ಡೀಸೆಲ್ ಬೆಲೆಯನ್ನು ತನ್ನ ಹಿಡಿತದಲ್ಲೇ ಉಳಿಸಿಕೊಂಡಿತ್ತು. 2012ರ ಮೇ ತಿಂಗಳ ಏರಿಕೆಯ ನಂತರ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂಥ ಅಂತರವಿದ್ದಾಗ ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸುವವರೂ ಡೀಸೆಲ್ ಕೊಂಡರು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯೂ ಮುಕ್ತವಾಯಿತು. 2025ರಲ್ಲಿ ಬೆಂಗಳೂರಿನ ಬಂಕುಗಳಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ, ಡೀಸೆಲ್ ಸುಮಾರು 91 ರೂಪಾಯಿ ಇದ್ದು, ನಡುವಿನ ಅಂತರ ಹನ್ನೆರಡು ರೂಪಾಯಿಗೆ ಇಳಿದಿತ್ತು.

ಇದರ ಪರಿಣಾಮವನ್ನು ಕೊಳ್ಳುವವರು ಗಮನದಲ್ಲಿಟ್ಟುಕೊಳ್ಳಬೇಕು. ಇಂದು ನಿಮ್ಮ ಮುಂದೆ ನಿಂತಿರುವ, ಕೇವಲ 45 ಸಾವಿರ ಕಿಲೋಮೀಟರ್ ಓಡಿದ ಹತ್ತು ವರ್ಷದ 320ಡಿ ಕಾರು (3 ಸೀರೀಸ್‌ನ ಡೀಸೆಲ್ ಮಾದರಿ) ಅಂದು ಡೀಸೆಲ್ ಅಗತ್ಯವೇ ಇಲ್ಲದವರು ಕೊಂಡ ಕಾರಾಗಿರಬಹುದು. ಡೀಲರು ಅದನ್ನು ‘ಲೋ ರನ್’ ಎಂದು ಹೆಚ್ಚಿನ ಬೆಲೆಗೆ ಮಾರುತ್ತಾನೆ. ನನ್ನ ಅಭಿಪ್ರಾಯದಲ್ಲಿ ಡೀಸೆಲ್ ಎಂಜಿನ್ನಿಗೆ ಇದು ಹೊಗಳಿಕೆಯ ಮಾತಲ್ಲ. ಹೆದ್ದಾರಿಯಲ್ಲಿ 1,10,000 ಕಿಲೋಮೀಟರ್ ಓಡಿ, ಪ್ರತಿ ಸರ್ವೀಸಿನ ಬಿಲ್ಲನ್ನೂ ಇಟ್ಟುಕೊಂಡಿರುವ ಡೀಸೆಲ್ ಕಾರು, ನಗರದೊಳಗೆ ತಿಂಗಳಿಗೆ ನಾನೂರು ಕಿಲೋಮೀಟರ್ ತೆವಳಿದ ಕಾರಿಗಿಂತ ಒಳ್ಳೆಯ ಆಯ್ಕೆ.

ಇಂಧನದ ಲೆಕ್ಕ

ಲೆಕ್ಕವನ್ನು ಬಿಡಲಾಗದು, ಆದರೆ ಬೇಗ ಮುಗಿಸಬಹುದು. 1.8 ಟಿಎಸ್‌ಐ ಪೆಟ್ರೋಲ್ ಆಕ್ಟೇವಿಯಾ ನಗರ ಮತ್ತು ಹೆದ್ದಾರಿ ಸೇರಿ ಲೀಟರಿಗೆ 10 ಕಿಲೋಮೀಟರ್, 2.0 ಟಿಡಿಐ ಡೀಸೆಲ್ 15 ಕಿಲೋಮೀಟರ್ ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. ಮೇಲಿನ ಬೆಲೆಯಲ್ಲಿ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಹತ್ತು ರೂಪಾಯಿ ಮೂವತ್ತು ಪೈಸೆ, ಡೀಸೆಲ್ ಕಾರಿಗೆ ಆರು ರೂಪಾಯಿ ಚಿಲ್ಲರೆ ಬೀಳುತ್ತದೆ. ವ್ಯತ್ಯಾಸ ನಾಲ್ಕು ರೂಪಾಯಿಗೆ ಸ್ವಲ್ಪ ಹೆಚ್ಚು. ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಕಾರು ಸುಮಾರು 34,000 ರೂಪಾಯಿ ಉಳಿಸುತ್ತದೆ, 20,000 ಓಡಿಸುವವರಿಗೆ ಸುಮಾರು 85,000. ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್, ಟರ್ಬೊ ಅಥವಾ ಹೊಗೆಯ ಫಿಲ್ಟರ್ ಕೈಕೊಟ್ಟರೆ ಬರುವ ಒಂದೇ ಬಿಲ್ಲು ಲಕ್ಷ ದಾಟಬಲ್ಲದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಮೊದಲನೆಯವರ ಮೂರು ವರ್ಷದ ಉಳಿತಾಯ ಒಂದು ರಿಪೇರಿಗೆ ಹೋಗುತ್ತದೆ, ಎರಡನೆಯವರದು ಆ ರಿಪೇರಿಯ ನಂತರವೂ ಕೈಯಲ್ಲಿ ಉಳಿಯುತ್ತದೆ. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆದ್ದಾರಿಯಲ್ಲಿ, ಎಂಬುದನ್ನು ನಾನು ಗಡಿಯಾಗಿ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಹಣದ ದೃಷ್ಟಿಯಿಂದ ಡೀಸೆಲ್ ಪರವಾಗಿ ಹೇಳುವುದಕ್ಕೆ ಹೆಚ್ಚೇನೂ ಇಲ್ಲ.

ಡೀಸೆಲ್ ಎಂಜಿನ್ ಬಯಸುವ ಓಡಾಟ

ಡೀಸೆಲ್ ದಹನದಲ್ಲಿ ಮಸಿ ಹುಟ್ಟುತ್ತದೆ. ಆ ಮಸಿ ಗಾಳಿಗೆ ಸೇರದಂತೆ ಸೈಲೆನ್ಸರ್ ಮಾರ್ಗದಲ್ಲಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮದ ಡೀಸೆಲ್ ಕಾರುಗಳಲ್ಲೆಲ್ಲ ಇರುತ್ತದೆ. ಅದಕ್ಕೆ ಹಿಂದಿನ ಬಿಎಸ್4 ಕಾಲದ ಕಾರುಗಳಲ್ಲಿ ಕೆಲವಕ್ಕೆ ಇತ್ತು, ಕೆಲವಕ್ಕೆ ಇರಲಿಲ್ಲ. ನೀವು ನೋಡುತ್ತಿರುವ ಕಾರಿಗೆ ಇದೆಯೇ ಎಂಬುದನ್ನು ಚಾಸಿಸ್ ಸಂಖ್ಯೆ ಕೊಟ್ಟು ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಬೇಕು. ಫಿಲ್ಟರಿನಲ್ಲಿ ಮಸಿ ಒಂದು ಮಟ್ಟಕ್ಕೆ ತುಂಬಿದಾಗ ಎಂಜಿನ್ನಿನ ಕಂಪ್ಯೂಟರ್ ಹೆಚ್ಚುವರಿ ಇಂಧನ ಚಿಮ್ಮಿಸಿ, ಹೊಗೆಯ ತಾಪಮಾನವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಅದನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಒಂದೇ ಹದದ ವೇಗದ ಓಟ ಬೇಕು. ನೆಲಮಂಗಲ ದಾಟಿ ತುಮಕೂರಿನ ಕಡೆಗೆ ಹೊರಟ ಕಾರಿನಲ್ಲಿ ಈ ಕೆಲಸ ಓಡಿಸುವವರಿಗೆ ಗೊತ್ತೇ ಆಗದಂತೆ ಮುಗಿದುಹೋಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಕಾರಿನಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ, ಮರುದಿನ ಮತ್ತೆ ಶುರುವಾಗಿ ಮತ್ತೆ ನಿಲ್ಲುತ್ತದೆ. ಹೀಗೆ ಸುಡದೆ ಉಳಿದ ಇಂಧನ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ತೆಳ್ಳಗಾದರೆ ಟರ್ಬೊ ಮತ್ತು ಬೇರಿಂಗ್‌ಗಳು ಬೇಗ ಸವೆಯುತ್ತವೆ. ಮಸಿಯನ್ನು ಸುಡಬಹುದು, ಆದರೆ ಸುಟ್ಟ ನಂತರ ಉಳಿಯುವ ಬೂದಿಯನ್ನು ಸುಡಲಾಗದು. ಅದು ವರ್ಷಗಳ ಕಾಲ ಸೇರುತ್ತಾ ಹೋಗಿ ಕೊನೆಗೊಂದು ದಿನ ಫಿಲ್ಟರನ್ನು ಬಿಚ್ಚಿ ತೊಳೆಸುವುದೋ ಬದಲಿಸುವುದೋ ಅನಿವಾರ್ಯವಾಗುತ್ತದೆ.

ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಕೂಡ ಇದೇ ಕಾರಣಕ್ಕೆ ನಗರದ ಕಾರುಗಳಲ್ಲಿ ಮಸಿ ಮೆತ್ತಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಬಿಎಂಡಬ್ಲ್ಯು ಡೀಸೆಲ್ ನೋಡುವವರು ಇನ್ನೊಂದನ್ನು ಕೇಳಬೇಕು: ಇಜಿಆರ್ ಕೂಲರಿನಲ್ಲಿ ಸೋರಿಕೆಯಾಗಿ ಬೆಂಕಿ ಹೊತ್ತಿಕೊಂಡ ಪ್ರಕರಣಗಳ ನಂತರ 2018ರಿಂದ ಆ ಕಂಪನಿ ಹಲವು ದೇಶಗಳಲ್ಲಿ ಡೀಸೆಲ್ ಕಾರುಗಳನ್ನು ಹಿಂದಕ್ಕೆ ಕರೆಸಿತು. ನಿಮ್ಮ ಚಾಸಿಸ್ ಸಂಖ್ಯೆ ಆ ಪಟ್ಟಿಯಲ್ಲಿದೆಯೇ, ಇದ್ದರೆ ಭಾಗ ಬದಲಾಗಿದೆಯೇ ಎಂಬುದನ್ನು ಡೀಲರ್‌ಶಿಪ್‌ನಲ್ಲಿ ಖಚಿತಪಡಿಸಿಕೊಳ್ಳಬಹುದು. ಅದೇ ರೀತಿ ಸ್ಕೋಡಾ ಲಾರಾದಂಥ ಹಳೆಯ ಟಿಡಿಐ ಕಾರುಗಳಲ್ಲಿದ್ದ ಇಎ189 ಎಂಜಿನ್ನು, ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಹಗರಣದ ನಂತರ, 2015ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಘೋಷಿಸಿದ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳ ರೀಕಾಲ್‌ಗೆ ಒಳಪಟ್ಟಿತ್ತು. ಆ ಅಪ್‌ಡೇಟ್ ಆಗಿದೆಯೋ ಇಲ್ಲವೋ ಎಂಬುದು ಸರ್ವೀಸ್ ದಾಖಲೆಯಲ್ಲಿ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಡೀಸೆಲ್ ಕೊಡುವ ಸುಖವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 2012ರಲ್ಲಿ ಇಲ್ಲಿಗೆ ಬಂದ ಎಫ್30 ಪೀಳಿಗೆಯ 320ಡಿ ಕಾರಿನದು 184 ಪಿಎಸ್ ಶಕ್ತಿ, 380 ನ್ಯೂಟನ್ ಮೀಟರ್ ಟಾರ್ಕ್. ಆ ಎಳೆತ ಎರಡು ಸಾವಿರ ಆರ್‌ಪಿಎಂ ಮುಟ್ಟುವ ಮೊದಲೇ ಪೂರ್ತಿಯಾಗಿ ಕೈಗೆ ಬರುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಕೊಂಡಿದ್ದು, ಮುಂದೆ ಸ್ವಲ್ಪ ದಾರಿ ಕಂಡೊಡನೆ ಆಕ್ಸಿಲರೇಟರನ್ನು ಅರ್ಧ ಒತ್ತಿದರೂ ಕಾರು ಗದ್ದಲವಿಲ್ಲದೆ ಮುಂದೆ ಹೋಗಿ ನಿಂತಿರುತ್ತದೆ. ಕುಟುಂಬ, ಸಾಮಾನು, ಎಸಿ ಎಲ್ಲ ಸೇರಿದ ಕಾರಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ಟ್ಯಾಂಕಿನಲ್ಲಿ ಹೋಗಿ ಮರಳಿ ಬರುವುದು ಅದಕ್ಕೆ ದೊಡ್ಡ ಮಾತಲ್ಲ. ದೂರದ ಊರುಗಳ ನಡುವೆ ಓಡಾಡುವವರಿಗೆ ಇಂಥ ಕಾರು ನಿಜವಾದ ಸಂಗಾತಿ.

ಪೆಟ್ರೋಲಿನ ಗುಣ, ಪೆಟ್ರೋಲಿನ ತೊಂದರೆ

ಪರ್ಫಾರ್ಮೆನ್ಸ್ ಎಂಬ ಮಾತನ್ನು ಅದರ ಪೂರ್ಣ ಅರ್ಥದಲ್ಲಿ ತೆಗೆದುಕೊಳ್ಳುವವರಿಗೆ ಪೆಟ್ರೋಲ್ ಬೇರೆಯೇ ಅನುಭವ. ಅದೇ ಎಫ್30 ದೇಹದಲ್ಲಿ 245 ಪಿಎಸ್‌ನ 328ಐ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗವನ್ನು ಸುಮಾರು ಆರು ಸೆಕೆಂಡಿನಲ್ಲಿ ಮುಟ್ಟುತ್ತದೆ, 320ಡಿ ಏಳೂವರೆ ಸೆಕೆಂಡಿನ ಹತ್ತಿರ ತೆಗೆದುಕೊಳ್ಳುತ್ತದೆ. ಸೆಕೆಂಡಿನ ಈ ವ್ಯತ್ಯಾಸಕ್ಕಿಂತ ನನಗೆ ಮುಖ್ಯವೆನಿಸುವುದು ಶಕ್ತಿ ಬರುವ ರೀತಿ. ಡೀಸೆಲ್ ನಾಲ್ಕೂವರೆ ಸಾವಿರ ಆರ್‌ಪಿಎಂ ಹೊತ್ತಿಗೆ ತನ್ನ ಮಾತು ಮುಗಿಸಿರುತ್ತದೆ. ಪೆಟ್ರೋಲ್ ಎಂಜಿನ್ ಆರು ಸಾವಿರ ದಾಟುವವರೆಗೂ ಒಂದೇ ಗೇರಿನಲ್ಲಿ ಏರುತ್ತಾ ಹೋಗುವುದರಿಂದ ತಿರುವಿನ ನಡುವೆ ಗೇರ್ ಬದಲಿಸುವ ಅಗತ್ಯ ಬೀಳುವುದಿಲ್ಲ. ಮುಂದಿನ ಆಕ್ಸಲ್ ಮೇಲಿನ ಭಾರವೂ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಸ್ಕೋಡಾ ಭಾರತಕ್ಕೆ ತಂದ 2017ರ ಆಕ್ಟೇವಿಯಾ ಆರ್‌ಎಸ್ 230 ಮತ್ತು 2020ರಲ್ಲಿ ಇನ್ನೂರೇ ಸಂಖ್ಯೆಯಲ್ಲಿ ಬಂದ ಆರ್‌ಎಸ್ 245 ಎರಡೂ ಪೆಟ್ರೋಲ್ ಕಾರುಗಳೇ. ಯುರೋಪಿನಲ್ಲಿ ಮಾರಾಟವಾದ ಡೀಸೆಲ್ ಆರ್‌ಎಸ್ ಇಲ್ಲಿಗೆ ಬರಲೇ ಇಲ್ಲ. ಹಾಗಾಗಿ ಆರ್‌ಎಸ್ ಹುಡುಕುವವರಿಗೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ಪೆಟ್ರೋಲ್ ಎಂಜಿನ್ ಚಿಕ್ಕ ಓಡಾಟಗಳನ್ನು ಡೀಸೆಲ್ಲಿಗಿಂತ ಚೆನ್ನಾಗಿ ಸಹಿಸುತ್ತದೆ, ಬೇಗ ಬಿಸಿಯಾಗುತ್ತದೆ, ಹೊಗೆ ಶುದ್ಧೀಕರಿಸುವ ವ್ಯವಸ್ಥೆಯೂ ಸರಳ. ಆದರೆ ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಈ ಕಾಲದ ಟರ್ಬೊ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಕ್ರಮೇಣ ಕಾರ್ಬನ್ ಗಟ್ಟಿಯಾಗಿ ಕೂರುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ನಡುಗುವುದು, ಐಡ್ಲಿಂಗ್ ಏರುಪೇರಾಗುವುದು ಇದರ ಲಕ್ಷಣ. ಅಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ಇದನ್ನು ತೆಗೆಯುತ್ತಾರೆ, ಮತ್ತು ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಗ್ಯಾರೇಜುಗಳಿವೆ. ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್ ಇನ್ನೊಂದು ಚಿಂತೆ. 2013ಕ್ಕಿಂತ ಹಿಂದಿನ ಲಾರಾ, ಸುಪರ್ಬ್ ಕಾರುಗಳ 1.8 ಟಿಎಸ್‌ಐ ಎಂಜಿನ್ನು, ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೋಲುವುದಕ್ಕೂ ಆಯಿಲ್ ಕುಡಿಯುವುದಕ್ಕೂ ಹೆಸರಾದದ್ದು. 2013ರ ಆಕ್ಟೇವಿಯಾದಲ್ಲಿ ಬಂದ ಮೂರನೇ ಪೀಳಿಗೆಯ ಎಂಜಿನ್ ಈ ವಿಷಯದಲ್ಲಿ ಬಹಳ ಸುಧಾರಿಸಿದೆ. ಅದರಲ್ಲಿ ನೋಡಬೇಕಾದದ್ದು ಪ್ಲಾಸ್ಟಿಕ್ಕಿನ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಹೌಸಿಂಗಿನಿಂದ ಕೂಲೆಂಟ್ ಸೋರುವುದನ್ನು. 328ಐ ಕಾರಿನ ಎನ್20 ಎಂಜಿನ್ನಿನಲ್ಲಿ ಚೈನ್ ಗೈಡಿನ ಪ್ಲಾಸ್ಟಿಕ್ ಒಡೆಯುವ ಅಪಾಯವಿದ್ದು, ನಂತರ ಬಂದ 330ಐ ಕಾರಿನ ಬಿ48 ಎಂಜಿನ್ ಇದಕ್ಕಿಂತ ನಂಬಿಕಸ್ಥ. ಡೀಸೆಲ್ ಪಕ್ಷದಲ್ಲೂ ಇದಕ್ಕೆ ಸಮನಾದ ದೋಷವಿದೆ: 320ಡಿಯ ಎನ್47 ಎಂಜಿನ್ನಿನ ಟೈಮಿಂಗ್ ಚೈನ್ ಗೇರ್‌ಬಾಕ್ಸಿನ ಕಡೆಗೆ, ಅಂದರೆ ಎಂಜಿನ್ನಿನ ಹಿಂಭಾಗದಲ್ಲಿ ಇರುವುದರಿಂದ ಅದನ್ನು ಬದಲಿಸುವ ಕೂಲಿಯೇ ಭಾರಿ. 2016ರ ಫೇಸ್‌ಲಿಫ್ಟ್ ಕಾರುಗಳಲ್ಲಿ 190 ಪಿಎಸ್‌ನ ಬಿ47 ಎಂಜಿನ್ ಬಂದಿದೆ, ಹಣ ಹೊಂದುವುದಾದರೆ ಅದನ್ನೇ ಹುಡುಕುವುದು ಲೇಸು.

ಇನ್ನು ಇಂಧನದ ಗುಣಮಟ್ಟ. ಪೆಟ್ರೋಲ್ ಕಾರಿನ ಟ್ಯಾಂಕಿನ ಮುಚ್ಚಳ ತೆರೆದು ಒಳಬದಿಯಲ್ಲಿ ಅಂಟಿಸಿದ ಚೀಟಿಯನ್ನು ಓದಿ. ಎಷ್ಟು ಆಕ್ಟೇನ್ (ಪೆಟ್ರೋಲ್ ಅಕಾಲದಲ್ಲಿ ಉರಿಯದಂತೆ ತಡೆಯುವ ಗುಣದ ಅಂಕಿ) ಬೇಕೆಂಬುದು ಅಲ್ಲಿ ಬರೆದಿರುತ್ತದೆ, ಮತ್ತು ಈ ವರ್ಗದ ಟರ್ಬೊ ಕಾರುಗಳಲ್ಲಿ ಅದು ಸಾಮಾನ್ಯವಾಗಿ 95. ಆಕ್ಟೇನ್ ಕಡಿಮೆಯಾದರೆ ಎಂಜಿನ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಿ ತನ್ನನ್ನು ಕಾಪಾಡಿಕೊಳ್ಳುತ್ತದೆ, ಅದರ ಬೆಲೆಯಾಗಿ ಪಿಕಪ್ ಮತ್ತು ಮೈಲೇಜ್ ಎರಡೂ ಇಳಿಯುತ್ತವೆ. ಈಗ ಎಲ್ಲೆಡೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಸಿಗುತ್ತಿದ್ದು, 2023ರ ಏಪ್ರಿಲ್‌ಗಿಂತ ಹಿಂದೆ ತಯಾರಾದ ಕಾರುಗಳು ಇದನ್ನು ಗುರಿಯಾಗಿಟ್ಟುಕೊಂಡು ಮಾಡಿದವಲ್ಲ. ಎಥನಾಲಿನಲ್ಲಿ ಶಕ್ತಿಯ ಅಂಶ ಕಡಿಮೆ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಖಚಿತ, ಮತ್ತು ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಪ್ರತಿ ಸರ್ವೀಸಿನಲ್ಲೂ ನೋಡಿಸುವುದು ಒಳ್ಳೆಯದು. ಹತ್ತು ವರ್ಷದ ಪೆಟ್ರೋಲ್ ಕಾರು ಕೊಳ್ಳುವವರು ಈ ಖರ್ಚನ್ನು ಇಂಧನದ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು.

ಗೇರ್‌ಬಾಕ್ಸ್ ನೋಡದೆ ಎಂಜಿನ್ ಆರಿಸಬೇಡಿ

ಆಕ್ಟೇವಿಯಾ ಕೊಳ್ಳುವವರಲ್ಲಿ ಬಹಳ ಜನ ಗಮನಿಸದ ಸಂಗತಿ ಇದು. 2013ರಿಂದ 2020ರವರೆಗಿನ ಆಕ್ಟೇವಿಯಾದಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಕೊಟ್ಟದ್ದು ಒಂದೇ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಅಲ್ಲ. 180 ಪಿಎಸ್‌ನ 1.8 ಟಿಎಸ್‌ಐ ಪೆಟ್ರೋಲಿನಲ್ಲಿ ಇರುವುದು ಡಿಕ್ಯು200 ಎಂಬ ಏಳು ಗೇರಿನ, ಒಣ ಕ್ಲಚ್ಚಿನ ಪೆಟ್ಟಿಗೆ. 2.0 ಟಿಡಿಐ ಡೀಸೆಲಿನಲ್ಲಿ ಇರುವುದು ಡಿಕ್ಯು250 ಎಂಬ ಆರು ಗೇರಿನ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿನ ಪೆಟ್ಟಿಗೆ. ಒಣ ಕ್ಲಚ್ಚಿಗೆ ತಣಿಸುವ ಆಯಿಲ್ ಇಲ್ಲದಿರುವುದರಿಂದ ಅಂಗುಲ ಅಂಗುಲವಾಗಿ ಮುಂದೆ ಸರಿಯುವ ಟ್ರಾಫಿಕ್ಕಿನಲ್ಲಿ ಅದು ಬಿಸಿಯಾಗುತ್ತದೆ, ಸವೆಯುತ್ತದೆ. ಮೆಕಾಟ್ರಾನಿಕ್ ಎಂಬ ನಿಯಂತ್ರಣ ಘಟಕವೂ ಅದರಲ್ಲಿ ಕೈಕೊಡುವುದುಂಟು. ಇಲ್ಲಿಯೇ ತೊಡಕು: ನಗರದ ಚಿಕ್ಕ ಓಡಾಟಕ್ಕೆ ಒಗ್ಗುವ ಎಂಜಿನ್ನಿನ ಜೊತೆಗೆ ನಗರಕ್ಕೆ ಒಗ್ಗದ ಗೇರ್‌ಬಾಕ್ಸ್ ಬಂದಿದೆ. ಬೆಂಗಳೂರಿನೊಳಗೇ ಓಡಿಸುವವರು 1.8 ಟಿಎಸ್‌ಐ ಬಯಸಿದರೆ ಕ್ಲಚ್ ಮತ್ತು ಮೆಕಾಟ್ರಾನಿಕ್ ಬದಲಾಗಿರುವ ಬಿಲ್ಲು ಇರುವ ಕಾರನ್ನು ಹುಡುಕಬೇಕು, ಇಲ್ಲವೇ ಆ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿಕೊಳ್ಳಬೇಕು. ಡೀಸೆಲಿನ ಡಿಕ್ಯು250ಗೆ ಪ್ರತಿ 60,000 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಅದು ಆಗಿರುವುದಕ್ಕೆ ಬಿಲ್ ಇಲ್ಲದಿದ್ದರೆ ಆಗಿಲ್ಲವೆಂದೇ ತಿಳಿಯಿರಿ. 2021ರಲ್ಲಿ ಬಂದ ಹೊಸ ಆಕ್ಟೇವಿಯಾದ 190 ಪಿಎಸ್ ಪೆಟ್ರೋಲಿನಲ್ಲಿ ಒದ್ದೆ ಕ್ಲಚ್ಚಿನ ಏಳು ಗೇರಿನ ಪೆಟ್ಟಿಗೆಯಿದ್ದು, ಸ್ಕೋಡಾ ಅಷ್ಟರಲ್ಲಿ ಭಾರತದಲ್ಲಿ ಡೀಸೆಲ್ ಮಾರುವುದನ್ನೇ ನಿಲ್ಲಿಸಿತ್ತು. ಬಜೆಟ್ ಅಲ್ಲಿಯವರೆಗೆ ಹೋಗುವುದಾದರೆ ನಗರವಾಸಿಗೆ ನಾನು ಕೈತೋರಿಸುವ ಕಾರು ಅದು.

ಬಿಎಂಡಬ್ಲ್ಯುವಿನಲ್ಲಿ ಈ ಭೇದವಿಲ್ಲ. ಆಟೊಮ್ಯಾಟಿಕ್ ಆದರೆ ಪೆಟ್ರೋಲಿಗೂ ಡೀಸೆಲ್ಲಿಗೂ ಜೆಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆಯೇ, ಮತ್ತು ಅದು ಬಹಳ ಗಟ್ಟಿ.

ಎಂಜಿನ್ನಿನ ಶಕ್ತಿ ಹೆಚ್ಚಿಸಲು ರೀಮ್ಯಾಪ್ ಮಾಡಿಸಿದ, ಅಂದರೆ ಅದರ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ ಕಾರುಗಳು ಈ ವರ್ಗದಲ್ಲಿ ಧಾರಾಳವಾಗಿ ಸಿಗುತ್ತವೆ. ಡಿಕ್ಯು200 ಪೆಟ್ಟಿಗೆಯನ್ನು 250 ನ್ಯೂಟನ್ ಮೀಟರ್ ಟಾರ್ಕಿಗೆಂದು ಮಾಡಲಾಗಿದ್ದು, 1.8 ಟಿಎಸ್‌ಐ ಕಾರ್ಖಾನೆಯಿಂದ ಬರುವಾಗಲೇ ಆ ಮಿತಿಯಲ್ಲಿ ನಿಂತಿದೆ. ಅದಕ್ಕೆ ರೀಮ್ಯಾಪ್ ಆಗಿದೆ ಎಂದರೆ ಆ ಕಾರನ್ನು ಬಿಟ್ಟು ಮುಂದಿನದನ್ನು ನೋಡುವುದೇ ಸರಿ. ಮಾರುವ ಮುನ್ನ ಮೂಲ ಸಾಫ್ಟ್‌ವೇರ್ ಮರಳಿ ಹಾಕಿಸಿ ಹೇಳದೇ ಇರುವವರೂ ಇದ್ದಾರಾದ್ದರಿಂದ, ಕಂಪ್ಯೂಟರಿಗೆ ಎಷ್ಟು ಸಲ ಸಾಫ್ಟ್‌ವೇರ್ ಬರೆಯಲಾಗಿದೆ ಎಂಬ ಎಣಿಕೆಯನ್ನು ಸ್ಕ್ಯಾನರಿನಲ್ಲಿ ನೋಡಿಸಿ.

ಕಾರು ನೋಡಲು ಹೋದಾಗ

ಮಾರುವವರಿಗೆ ಮುಂಚಿತವಾಗಿ ಫೋನ್ ಮಾಡಿ, ನೀವು ಬರುವವರೆಗೆ ಕಾರನ್ನು ಸ್ಟಾರ್ಟ್ ಮಾಡಬಾರದೆಂದು ಕೇಳಿಕೊಳ್ಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಿದ್ದರೆ ಇನ್ನೊಂದು ದಿನ ಬೆಳಗ್ಗೆ ಬರುತ್ತೇನೆಂದು ಹೇಳಿ ಹೊರಡಿ, ಏಕೆಂದರೆ ಈ ಎಂಜಿನ್ನುಗಳ ಹಲವು ದೋಷಗಳು ತಣ್ಣಗಿರುವಾಗಿನ ಮೊದಲ ಕೆಲವು ಕ್ಷಣಗಳಲ್ಲೇ ಕೇಳಿಸುವುದು. ಪೆಟ್ರೋಲ್ ಕಾರನ್ನು ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ ನೀವು ಬಾನೆಟ್ ತೆರೆದು ಪಕ್ಕದಲ್ಲಿ ನಿಲ್ಲಿ. ಒಂದೆರಡು ಸೆಕೆಂಡು ಗಲಗಲ ಎಂದು ಸರಪಣಿ ಅಲುಗಿದ ಸದ್ದು ಬಂದರೆ ಅದು ಟೆನ್ಷನರ್ ಸೋಲುತ್ತಿರುವ ಸೂಚನೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎನ್47 ಡೀಸೆಲಿನಲ್ಲಿ ಎಂಜಿನ್ ಬಿಸಿಯಾದ ನಂತರ ಒಂದೂವರೆಯಿಂದ ಎರಡು ಸಾವಿರ ಆರ್‌ಪಿಎಂ ನಡುವೆ ಹಿಡಿದು, ಡ್ಯಾಶ್‌ಬೋರ್ಡ್ ಕಡೆಯಿಂದ ಉಜ್ಜಿದಂಥ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ.

ಡೀಸೆಲ್ ಕಾರಿನ ಸೈಲೆನ್ಸರ್ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಮ್ಮೆ ಆಡಿಸಿ. ಡಿಪಿಎಫ್ ಇರುವ, ಸರಿಯಾಗಿ ಕೆಲಸ ಮಾಡುವ ಕಾರಿನಲ್ಲಿ ಕೊಳವೆ ಹೆಚ್ಚುಕಡಿಮೆ ಸ್ವಚ್ಛವಾಗಿರುತ್ತದೆ, ಬಟ್ಟೆಗೆ ಬೂದುಬಣ್ಣದ ತೆಳು ಗುರುತಷ್ಟೇ ಹತ್ತುತ್ತದೆ. ಅಂಥ ಕಾರಿನಲ್ಲಿ ಕಪ್ಪು ಮಸಿ ದಪ್ಪವಾಗಿ ಅಂಟಿದರೆ ಒಳಗಿನ ಫಿಲ್ಟರ್ ಸೀಳಿದೆ ಅಥವಾ ಯಾರೋ ಅದರ ತಿರುಳನ್ನು ಕೊರೆದು ತೆಗೆದು ಸಾಫ್ಟ್‌ವೇರಿನಲ್ಲಿ ಮುಚ್ಚಿಹಾಕಿದ್ದಾರೆ. ಹೀಗೆ ತೆಗೆಸುವುದು ಕಾನೂನುಬಾಹಿರ, ಮತ್ತು ಅದಕ್ಕಿಂತ ಹೆಚ್ಚಾಗಿ ಆ ಕಾರಿನ ಹಿಂದೆ ಉಸಿರಾಡುವವರಿಗೆ ಮಾಡುವ ಅನ್ಯಾಯ. ಅಂಥ ಕಾರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಇರುವ ಕಾರಾದರೆ ಎಳೆದು ನೋಡಿ: ಆಯಿಲ್ ಗರಿಷ್ಠ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ, ಅರ್ಧಕ್ಕೆ ನಿಂತ ದಹನಗಳಿಂದ ಇಂಧನ ಕೆಳಗಿಳಿದಿದೆ ಎಂದರ್ಥ.

ಆಮೇಲೆ ಸ್ಕ್ಯಾನರ್. ಬ್ರ್ಯಾಂಡಿನ ಕೆಲಸ ಗೊತ್ತಿರುವ ಸ್ವತಂತ್ರ ಗ್ಯಾರೇಜಿಗೆ ಕಾರನ್ನು ಒಯ್ದು ಕೆಲವು ಸಾವಿರ ಖರ್ಚು ಮಾಡಿ ಪರೀಕ್ಷೆ ಮಾಡಿಸುವುದು ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಡೀಸೆಲಿನಲ್ಲಿ ಫಿಲ್ಟರಿನಲ್ಲಿರುವ ಮಸಿ ಮತ್ತು ಬೂದಿಯ ಪ್ರಮಾಣ, ಕೊನೆಯ ಸಲ ಸುಟ್ಟುಕೊಂಡ ನಂತರ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು, ಪ್ರತಿ ಇಂಜೆಕ್ಟರಿನ ತಿದ್ದುಪಡಿಯ ಅಂಕಿ ಇವನ್ನು ಕೇಳಿ. ಪೆಟ್ರೋಲಿನಲ್ಲಿ ಪ್ರತಿ ಸಿಲಿಂಡರಿನ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು) ಎಣಿಕೆಯನ್ನೂ ಕ್ಯಾಮ್‌ಶಾಫ್ಟ್ ತನ್ನ ಸ್ಥಾನದಿಂದ ಎಷ್ಟು ಡಿಗ್ರಿ ಸರಿದಿದೆ ಎಂಬುದನ್ನೂ ಕೇಳಿ. ಎರಡನೆಯದು ಚೈನ್ ಎಷ್ಟು ಜಗ್ಗಿದೆ ಎಂಬುದನ್ನು ಬಿಚ್ಚದೆಯೇ ಹೇಳುತ್ತದೆ. ಮೀಟರ್ ತಿರುಗಿಸಿದ್ದಾರೆಯೇ ಎಂಬ ಅನುಮಾನಕ್ಕೆ ಉತ್ತರ ಬೇರೆ ಬೇರೆ ಘಟಕಗಳಲ್ಲಿ ದಾಖಲಾದ ಕಿಲೋಮೀಟರನ್ನು ಹೋಲಿಸಿದರೆ ಸಿಗುತ್ತದೆ. ಬಿಎಂಡಬ್ಲ್ಯುವಿನಲ್ಲಿ ಕೀಲಿಯೊಳಗೇ ಕಿಲೋಮೀಟರ್ ದಾಖಲಾಗಿರುತ್ತದೆಯಾದ್ದರಿಂದ ಎರಡೂ ಕೀಲಿಗಳನ್ನು ಡೀಲರ್‌ಶಿಪ್‌ನಲ್ಲಿ ಓದಿಸಿ.

ಟೆಸ್ಟ್ ಡ್ರೈವ್ ಮಾಡುವಾಗ ಒಳ್ಳೆಯ ರಸ್ತೆಯಲ್ಲಿ ವೇಗ ನೋಡುವ ಆಸೆ ಸಹಜ. ಅದಕ್ಕೂ ಮೊದಲು ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಿ. ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಕಾರು ನಡುಗಿದರೆ, ನಿಧಾನವಾಗಿ ನಿಲ್ಲಿಸುವಾಗ ಕೆಳಗಿನಿಂದ ಟಕ್ ಎಂದು ಹೊಡೆದರೆ ಕ್ಲಚ್ಚಿನ ಆಯುಷ್ಯ ಮುಗಿಯುತ್ತಾ ಬಂದಿದೆ.

ದೆಹಲಿಯ ಅಗ್ಗದ ಡೀಸೆಲ್

ಆನ್‌ಲೈನಿನಲ್ಲಿ ಹುಡುಕುವವರಿಗೆ ದೆಹಲಿಯ 320ಡಿ ಕಾರುಗಳು ಇಲ್ಲಿಗಿಂತ ಬಹಳ ಕಡಿಮೆ ಬೆಲೆಗೆ ಕಾಣಿಸುತ್ತವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶ ಮತ್ತು ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2018ರ ಆದೇಶದ ಪ್ರಕಾರ ದೆಹಲಿ ರಾಜಧಾನಿ ಪ್ರದೇಶದಲ್ಲಿ ಡೀಸೆಲ್ ಕಾರಿಗೆ ಹತ್ತು ವರ್ಷ, ಪೆಟ್ರೋಲಿಗೆ ಹದಿನೈದು ವರ್ಷ ಮಿತಿ ಬಂದದ್ದೇ ಇದಕ್ಕೆ ಮುಖ್ಯ ಕಾರಣ. 2025ರಲ್ಲಿ ಕೋರ್ಟು ಈ ವಿಷಯವನ್ನು ಮತ್ತೆ ಪರಿಶೀಲಿಸಿದ್ದರಿಂದ ಅಲ್ಲಿನ ಸ್ಥಿತಿ ಬದಲಾಗುತ್ತಿದೆ, ಆದರೂ ಮಾರುಕಟ್ಟೆಯ ಭಯ ಹೋಗಿಲ್ಲ. ಕರ್ನಾಟಕದಲ್ಲಿ ಡೀಸೆಲ್‌ಗೂ ಪೆಟ್ರೋಲ್‌ಗೂ ನೋಂದಣಿ ಹದಿನೈದು ವರ್ಷ, ನಂತರ ತಪಾಸಣೆ ಮಾಡಿಸಿ ಐದೈದು ವರ್ಷ ನವೀಕರಿಸಬಹುದು. ಹಾಗಿದ್ದರೂ ಹೊರ ರಾಜ್ಯದ ಕಾರನ್ನು ಇಲ್ಲಿ ನೋಂದಾಯಿಸಲು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು, ಮತ್ತು ದೇಶದಲ್ಲೇ ದುಬಾರಿಯಾದ ತೆರಿಗೆಗಳಲ್ಲಿ ನಮ್ಮದೂ ಒಂದು. ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಅಲ್ಲಿನ ಬೆಲೆಯನ್ನು ಇಲ್ಲಿನದರೊಂದಿಗೆ ಹೋಲಿಸಿ. ದೆಹಲಿಯ ನಗರ ಓಡಾಟದಲ್ಲೇ ಹತ್ತು ವರ್ಷ ಕಳೆದ ಡೀಸೆಲ್ ಎಂಜಿನ್ನಿನ ಫಿಲ್ಟರ್ ಮತ್ತು ಇಜಿಆರ್ ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಮೇಲೆ ಹೇಳಿದ್ದಾಗಿದೆ.

ಕಾರು ನಿಮ್ಮ ಹೆಸರಿಗೆ ಬಂದ ಮೊದಲ ತಿಂಗಳಲ್ಲಿ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ. ಬಿಎಂಡಬ್ಲ್ಯುವಿನ ಎಂಟು ಗೇರಿನ ಪೆಟ್ಟಿಗೆ ಲಕ್ಷ ಕಿಲೋಮೀಟರಿನ ಹತ್ತಿರ ಬಂದಿದ್ದರೆ ಅದರ ಆಯಿಲನ್ನೂ ಬದಲಿಸಿ. ಆಕ್ಟೇವಿಯಾ ಟಿಡಿಐ ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂಬುದಕ್ಕೆ ದಾಖಲೆ ಇಲ್ಲದಿದ್ದಲ್ಲಿ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿ, ಏಕೆಂದರೆ ಓಡುವಾಗ ಆ ಬೆಲ್ಟ್ ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಇವಕ್ಕೆಲ್ಲ ಬೇಕಾಗುವ ಹಣವನ್ನು ಕಾರಿನ ಬೆಲೆ ಮಾತಾಡುವ ಮೊದಲೇ ತೆಗೆದಿಟ್ಟು, ಉಳಿದ ಮೊತ್ತವನ್ನಷ್ಟೇ ನಿಮ್ಮ ಬಜೆಟ್ ಎಂದು ಮಾರುವವರಿಗೆ ಹೇಳಿ.